ಕಡೆಯ ಭೋಜನದ ಚಿತ್ರವೂ ಅದರ ಅಣಕಗಳೂ

ಪವಿತ್ರ ಗುರುವಾರ ಎಂದೊಡನೆ ನಮ್ಮ ಮನಸ್ಸಿಗೆ ಬರುವ ಚಿತ್ರ ಒಂದೇ. ಉದ್ದನೆಯ ಮೇಜು, ಅದರ ಮೇಲೆ ಬಿಳಿಯ ಹಾಸು, ನಡುವೆ ಪ್ರಭು ಯೇಸುಕ್ರಿಸ್ತರು, ಎಡಬಲಗಳಲ್ಲಿ ಆರಾರು ಮಂದಿ ಪ್ರೇಷಿತರು. ನಮ್ಮ ಎಷ್ಟೋ ಮನೆಗಳಲ್ಲಿ ಊಟದ ಮೇಜಿನ ಮೇಲ್ಗಡೆ ಗೋಡೆಯಲ್ಲಿ ಈ ಚಿತ್ರವಿದೆ. ಗಾಜಿನ ಕಟ್ಟು ಹಾಕಿಸಿದ್ದು, ತಗಡಿನಲ್ಲಿ ಉಬ್ಬು ಮೂಡಿಸಿದ್ದು, ಮರದಲ್ಲಿ ಕೆತ್ತಿದ್ದು, ಹೀಗೆ ಹಲವು ಬಗೆ. ಮದುವೆಗೋ ಹೊಸ ಮನೆಯ ಆಶೀರ್ವಾದಕ್ಕೋ ಯಾರೋ ತಂದುಕೊಟ್ಟದ್ದು ಅಲ್ಲೇ ನೆಲೆಯಾಗಿರುತ್ತದೆ. ಶುಭಸಂದೇಶದ ಆ ರಾತ್ರಿಯನ್ನು ನಾವು ಕಲ್ಪಿಸಿಕೊಳ್ಳುವುದೇ ಈ ಚಿತ್ರದ ಮೂಲಕ.

ಇದೇ ಚಿತ್ರ ಈಗ ಮಕ್ಕಳ ಮೊಬೈಲಿಗೆ ಬೇರೆ ವೇಷದಲ್ಲಿ ಬರುತ್ತದೆ. ಮೇಜು ಅದೇ, ಕೈಗಳ ಭಂಗಿ ಅದೇ, ಆದರೆ ಪ್ರಭುವಿನ ಜಾಗದಲ್ಲಿ ಕಾರ್ಟೂನಿನ ಗೊಂಬೆ, ಸಿನಿಮಾದ ಖಳನಾಯಕ, ಇಲ್ಲವೇ ಫುಟ್‌ಬಾಲ್ ಆಟಗಾರ. ಕೆಲವರಿಗೆ ನಗು ಬರುತ್ತದೆ, ಕೆಲವರಿಗೆ ಸಿಟ್ಟು. ಇದನ್ನು ನೋಡಿ ನಕ್ಕರೆ ಪಾಪವೇ ಎಂದು ಕೇಳುವ ಯುವಕರಿದ್ದಾರೆ. ಹತ್ತು ಜನರಿಗೆ ಕಳಿಸಿ ಪ್ರತಿಭಟಿಸಬೇಕಲ್ಲವೇ ಎಂದು ಕೇಳುವ ಹಿರಿಯರೂ ಇದ್ದಾರೆ. ಉತ್ತರ ಕೊಡುವ ಮುನ್ನ ಮೂಲಚಿತ್ರವನ್ನೇ ಒಮ್ಮೆ ಸರಿಯಾಗಿ ನೋಡೋಣ. ಅಣಕ ಮಾಡುವವರು ಅದರಿಂದ ಏನನ್ನು ಎತ್ತಿಕೊಳ್ಳುತ್ತಾರೆ, ಏನನ್ನು ಬಿಟ್ಟುಬಿಡುತ್ತಾರೆ ಎಂಬುದರಲ್ಲೇ ಉತ್ತರದ ಬಹುಪಾಲು ಇದೆ.

ಇಟಲಿಯ ಮಿಲಾನ್ ನಗರದಲ್ಲಿ ಸಾಂತಾ ಮರಿಯಾ ದೆಲ್ಲೆ ಗ್ರಾತ್ಸಿಯೆ ಎಂಬ ದೇವಾಲಯವಿದೆ. 'ಕೃಪೆಗಳ ಮಾತೆ ಮರಿಯಮ್ಮ' ಎಂದು ಅದರ ಅರ್ಥ. ಅದಕ್ಕೆ ಸೇರಿದ ದೊಮಿನಿಕನ್ ಸಭೆಯ ಮಠದ ಊಟದ ಶಾಲೆಯ ಗೋಡೆಯ ಮೇಲೆ ಲಿಯನಾರ್ಡೊ ಡ ವಿಂಚಿ ಈ ಚಿತ್ರವನ್ನು ಸುಮಾರು 1495ರಿಂದ 1498ರವರೆಗೆ ಬರೆದನು. ಬರೆಸಿದವನು ಮಿಲಾನಿನ ಅರಸ ಲುದೊವಿಕೊ ಸ್ಫೋರ್ತ್ಸಾ. ಚಿತ್ರದ ಅಗಲ ಸುಮಾರು 8.8 ಮೀಟರ್, ಎತ್ತರ 4.6 ಮೀಟರ್. ನಮ್ಮ ಮನೆಯ ಚಿತ್ರವನ್ನು ಕಂಡವರಿಗೆ ಆ ಗಾತ್ರ ಅಂದಾಜಾಗುವುದು ಕಷ್ಟ. ಅದರಲ್ಲಿರುವ ಪ್ರೇಷಿತರು ನಿಜವಾದ ಮನುಷ್ಯರಿಗಿಂತ ದೊಡ್ಡವರು.

ಗೋಡೆಯ ಚಿತ್ರ ಬಾಳಬೇಕಾದರೆ ಗಾರೆ ಇನ್ನೂ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಆಗ ಬಣ್ಣ ಗಾರೆಯೊಳಗೆ ಸೇರಿ ಅದರೊಂದಿಗೇ ಗಟ್ಟಿಯಾಗುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆಗಳಲ್ಲಿ ಬ್ರದರ್ ಅಂತೋನಿಯೊ ಮೊಸ್ಕೆನಿಯವರು ಮಾಡಿದ್ದು ಹಾಗೆ. ಆದರೆ ಹಸಿ ಗಾರೆಯ ಕೆಲಸಕ್ಕೆ ಅವಸರ ಬೇಕು. ಲಿಯನಾರ್ಡೊ ನಿಧಾನಸ್ಥ, ಬರೆದದ್ದನ್ನು ಮತ್ತೆ ಮತ್ತೆ ತಿದ್ದುವವನು. ಅದಕ್ಕಾಗಿ ಅವನು ಒಣಗಿದ ಗೋಡೆಯ ಮೇಲೆ ಬರೆದ. ಫಲವಾಗಿ ಅವನ ಜೀವಿತಕಾಲದಲ್ಲೇ ಬಣ್ಣ ಕಿತ್ತುಬರಲು ತೊಡಗಿತು. 1652ರಲ್ಲಿ ಆ ಗೋಡೆಯ ನಡುವೆ ಬಾಗಿಲು ಕೊರೆದರು, ಚಿತ್ರದಲ್ಲಿದ್ದ ಪ್ರಭುವಿನ ಪಾದಗಳು ಅದರೊಂದಿಗೆ ಹೋದವು. ನೆಪೋಲಿಯನ್ನನ ಸೈನಿಕರು ಆ ಶಾಲೆಯನ್ನು ಕುದುರೆಲಾಯ ಮಾಡಿಕೊಂಡರು. 1943ರ ಆಗಸ್ಟಿನಲ್ಲಿ ಬಾಂಬು ಬಿದ್ದು ಶಾಲೆಯ ಛಾವಣಿ ಮತ್ತು ಒಂದು ಪಕ್ಕದ ಗೋಡೆ ಉರುಳಿದಾಗ, ಮರಳಿನ ಚೀಲಗಳ ಮರೆಯಲ್ಲಿದ್ದ ಈ ಗೋಡೆ ಮಾತ್ರ ನಿಂತುಕೊಂಡಿತು. 1978ರಿಂದ 1999ರವರೆಗೆ ಪಿನಿನ್ ಬ್ರಂಬಿಲ್ಲಾ ಬಾರ್ಚಿಲೊನ್ ಎಂಬ ಮಹಿಳೆಯ ಮುಂದಾಳತ್ವದಲ್ಲಿ ಅದರ ಜೀರ್ಣೋದ್ಧಾರ ನಡೆಯಿತು. ಇಪ್ಪತ್ತೊಂದು ವರ್ಷ! ಬರೆಯಲು ಹಿಡಿದ ಕಾಲಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಮೂಲಚಿತ್ರ ಹೀಗೆ ಸವೆಯುತ್ತಿರುವಾಗ ಅದರ ಪ್ರತಿಗಳು ಲೋಕವನ್ನು ತುಂಬಿದವು. 1800ರಲ್ಲಿ ರಫಾಯೆಲ್ ಮೊರ್ಗೆನ್ ಎಂಬವನು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಪ್ರತಿ ಮನೆಮನೆಗೆ ಹೋಯಿತು. ನಮ್ಮ ಗೋಡೆಗಳಲ್ಲಿರುವ ಚಿತ್ರಗಳಲ್ಲಿ ಹೆಚ್ಚಿನವು ಇಂಥ ಪ್ರತಿಗಳ ಮೊಮ್ಮಕ್ಕಳೇ ಹೊರತು ಮಿಲಾನಿನ ಗೋಡೆಯ ನೇರ ಮಕ್ಕಳಲ್ಲ.

ಇನ್ನು ಚಿತ್ರದೊಳಗೆ ಬರೋಣ. ಸಂತ ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯದಲ್ಲಿ, ತಮ್ಮೊಡನೆ ಕುಳಿತವರಲ್ಲಿ ಒಬ್ಬನು ತಮ್ಮನ್ನು ಹಿಡಿದುಕೊಡುವನೆಂದು ಪ್ರಭು ಹೇಳುತ್ತಾರೆ. ಆ ಮಾತು ಬಾಯಿಂದ ಹೊರಬಿದ್ದ ಮರುಕ್ಷಣದ ಚಿತ್ರವಿದು. ಮಾತು ಅಲೆಯಂತೆ ಎರಡೂ ಕಡೆಗೆ ಹರಡುತ್ತದೆ. ಪ್ರೇಷಿತರು ಮೂವರು ಮೂವರಾಗಿ ಗುಂಪುಗೂಡುತ್ತಾರೆ. ತೋಮನ ಬೆರಳು ಮೇಲೆದ್ದಿದೆ. ಫಿಲಿಪ್ಪನು ಎದೆಯ ಕಡೆಗೆ ಕೈ ತಿರುಗಿಸಿ, ನಾನೇ ಎಂದು ಕೇಳುವಂತಿದ್ದಾನೆ. ಪೇತ್ರನು ಎದ್ದು ಯೊವಾನ್ನನ ಕಿವಿಯತ್ತ ಬಾಗಿದ್ದಾನೆ, ಅವನ ಇನ್ನೊಂದು ಕೈಯಲ್ಲಿ ಚೂರಿ ಇದೆ. ಗೆತ್ಸೆಮನೆ ತೋಪಿನಲ್ಲಿ ಆಗಲಿರುವುದಕ್ಕೆ ಅದು ಸೂಚನೆ. ಯೂದನು ಹಣದ ಚೀಲ ಹಿಡಿದು ಹಿಂದಕ್ಕೆ ಸರಿದಿದ್ದಾನೆ. ಹಳೆಯ ಪ್ರತಿಗಳನ್ನು ನೋಡಿದರೆ ಅವನ ಕೈ ತಗುಲಿ ಉಪ್ಪಿನ ಬಟ್ಟಲು ಉರುಳಿರುವುದೂ ಕಾಣುತ್ತದೆ.

ಲಿಯನಾರ್ಡೊಗಿಂತ ಹಿಂದಿನ ಕಲಾವಿದರು, ಉದಾಹರಣೆಗೆ ಫ್ಲಾರೆನ್ಸಿನ ಕಸ್ತಾಞೊ ಮತ್ತು ಗಿರ್ಲಂದಾಯೊ, ಯೂದನನ್ನು ಮೇಜಿನ ಈಚೆ ಬದಿಗೆ ಒಂಟಿಯಾಗಿ ಕೂರಿಸುತ್ತಿದ್ದರು. ದ್ರೋಹಿ ಯಾರೆಂದು ನೋಡಿದವರಿಗೆ ಕೂಡಲೇ ತಿಳಿಯಲಿ ಎಂದು. ಲಿಯನಾರ್ಡೊ ಅವನನ್ನು ಎಲ್ಲರ ಸಾಲಿಗೆ ತಂದ. ಪ್ರಭುವಿನ ಕೈ ಚಾಚಿದ ಬಟ್ಟಲಿನತ್ತಲೇ ಯೂದನ ಕೈಯೂ ಚಾಚಿದೆ. ಪ್ರಭುವಿನ ಮತ್ತೊಂದು ಕೈ ಅಂಗೈ ಮೇಲಾಗಿ ರೊಟ್ಟಿಯ ಬಳಿ ತೆರೆದಿದೆ. ಒಂದು ಕೈಯಲ್ಲಿ ದ್ರೋಹದ ಮಾತು, ಇನ್ನೊಂದರಲ್ಲಿ ಪರಮಪ್ರಸಾದದ ದಾನ. ಅವರ ತಲೆಯ ಸುತ್ತ ಪ್ರಭಾವಳಿ ಇಲ್ಲ, ಹಿಂದಿನ ಕಿಟಕಿಯ ಬೆಳಕೇ ಪ್ರಭಾವಳಿ. ಛಾವಣಿಯ, ಗೋಡೆಗಳ ಎಲ್ಲಾ ಗೆರೆಗಳೂ ಅವರ ಹಣೆಯ ಬದಿಯ ಒಂದು ಬಿಂದುವಿನಲ್ಲಿ ಕೂಡುತ್ತವೆ. ಗೆರೆಗಳನ್ನು ಎಳೆಯಲು ಅಲ್ಲಿ ಮೊಳೆ ಹೊಡೆದಿದ್ದ ತೂತು ಜೀರ್ಣೋದ್ಧಾರದವರಿಗೆ ಸಿಕ್ಕಿದೆ.

(ಪ್ರಭುವಿನ ಪಕ್ಕದಲ್ಲಿರುವ ಗಡ್ಡವಿಲ್ಲದ ವ್ಯಕ್ತಿ ಮಗ್ದಲದ ಮರಿಯಳೆಂದು 2003ರ 'ದ ಡ ವಿಂಚಿ ಕೋಡ್' ಕಾದಂಬರಿ ಹೇಳಿತು, 2006ರಲ್ಲಿ ಅದರ ಸಿನಿಮಾ ಬಂದಾಗ ನಮ್ಮ ದೇಶದಲ್ಲೂ ಗದ್ದಲವಾಯಿತು. ಪ್ರೇಷಿತರಲ್ಲೇ ಕಿರಿಯನಾದ ಯೊವಾನ್ನನನ್ನು ಗಡ್ಡವಿಲ್ಲದ ಎಳೆಯ ಮುಖದಿಂದ ಬರೆಯುವುದು ಆ ಕಾಲದ ಇಟಲಿಯ ಎಲ್ಲ ಕಲಾವಿದರ ವಾಡಿಕೆ. ಮರಿಯಳು ಅಲ್ಲಿದ್ದಾಳೆ ಎಂದರೆ ಯೊವಾನ್ನನು ಎಲ್ಲಿ ಹೋದ ಎಂದು ಕೇಳಿದರೆ ಸಾಕು.)

ಈಗ ಅಣಕದ ಮಾತು. ಮೇಲೆ ಹೇಳಿದ ಗುಣಗಳೇ ಈ ಚಿತ್ರವನ್ನು ಅಣಕಕ್ಕೆ ಸುಲಭದ ತುತ್ತಾಗಿ ಮಾಡಿವೆ. ಎಲ್ಲರೂ ನಮ್ಮತ್ತ ಮುಖಮಾಡಿದ ಒಂದೇ ಸಾಲು. ಪ್ರತಿಯೊಬ್ಬರಿಗೂ ಗುರುತಿಸಬಹುದಾದ ಭಂಗಿ. ನಡುವಿನ ಜಾಗಕ್ಕೆ ಯಾರನ್ನು ಕೂರಿಸಿದರೂ ಕಣ್ಣು ತಾನಾಗಿ ಅಲ್ಲಿಗೆ ಹೋಗುವಂಥ ರಚನೆ. ಒಂದು ಉದ್ದದ ಮೇಜು, ಹದಿಮೂರು ಜನ ಇದ್ದರೆ ಸಾಕು, ಯಾವ ದೇಶದವನಿಗೂ ಗುರುತು ಸಿಗುತ್ತದೆ. ಅಮೆರಿಕದಲ್ಲಿ 1970ರ 'ಮ್ಯಾಶ್' ಸಿನಿಮಾ ಸೈನ್ಯದ ವೈದ್ಯರನ್ನು ಹೀಗೆ ಕೂರಿಸಿತು. 1981ರಲ್ಲಿ ಮೆಲ್ ಬ್ರೂಕ್ಸ್ ತನ್ನ ಹಾಸ್ಯಚಿತ್ರದಲ್ಲಿ ಲಿಯನಾರ್ಡೊನನ್ನೇ ಆ ರಾತ್ರಿಯ ಕೋಣೆಗೆ ಕರೆತಂದು, ಚಿತ್ರ ಬರೆಯಲು ಅನುಕೂಲವಾಗಲಿ ಎಂದು ಎಲ್ಲರನ್ನೂ ಮೇಜಿನ ಒಂದೇ ಬದಿಗೆ ಕೂರಿಸುವಂತೆ ಮಾಡಿದ. ನಂತರ ಬಂದ ಟಿವಿ ಧಾರಾವಾಹಿಗಳ ಪ್ರಚಾರ ಚಿತ್ರಗಳಿಗೆ ಲೆಕ್ಕವೇ ಇಲ್ಲ.

ಬ್ರೂಕ್ಸ್‌ನ ತಮಾಷೆ ಕೇಳುವ ಪ್ರಶ್ನೆ ಒಳ್ಳೆಯದೇ: ಊಟಕ್ಕೆ ಕುಳಿತವರು ಎಲ್ಲಾದರೂ ಒಂದೇ ಬದಿಗೆ ಕೂರುತ್ತಾರೆಯೇ? ಆದರೆ ಈ ಚಿತ್ರ ಇದ್ದದ್ದು ಊಟದ ಶಾಲೆಯಲ್ಲಿ ಎಂಬುದನ್ನು ನೆನೆಯಿರಿ. ಎದುರುಬದಿ ಖಾಲಿಯಲ್ಲ. ಗೋಡೆಯ ಕೆಳಗಿನ ಶಾಲೆಯಲ್ಲಿ ಮಠದ ಸಹೋದರರು ದಿನವೂ ಮೌನವಾಗಿ ಕುಳಿತು ತಮ್ಮ ರೊಟ್ಟಿ ತಿನ್ನುತ್ತಿದ್ದರು. ಅವರ ಮೇಜುಗಳ ಸಾಲಿಗೆ ಪ್ರಭುವಿನ ಮೇಜು ಇನ್ನೊಂದು ಮೇಜಾಗಿ ಸೇರುತ್ತಿತ್ತು. ಅದೇ ಶಾಲೆಯ ಎದುರು ಗೋಡೆಯ ಮೇಲೆ ಏನಿದೆ ಎಂಬುದು ಬಹಳ ಮಂದಿಗೆ ತಿಳಿಯದು. ಅಲ್ಲಿ ಶಿಲುಬೆಯ ಚಿತ್ರವಿದೆ. ಮೊಂತೊರ್ಫಾನೊ ಎಂಬ ಕಲಾವಿದ 1495ರಲ್ಲಿ ಬರೆದ ದೊಡ್ಡ ಕಲ್ವಾರಿ ದೃಶ್ಯ. ಅವನು ಹಳೆಯ ಪದ್ಧತಿಯಂತೆ ಹಸಿ ಗಾರೆಯ ಮೇಲೆ ಬರೆದದ್ದರಿಂದ ಅದು ಇಂದಿಗೂ ಗಟ್ಟಿಯಾಗಿದೆ. ಸಹೋದರರು ಊಟ ಮಾಡುತ್ತಿದ್ದದ್ದು ಕಡೆಯ ಭೋಜನಕ್ಕೂ ಶಿಲುಬೆಗೂ ನಡುವೆ. ಪ್ರತಿಗಳು ಭೋಜನವನ್ನಷ್ಟೇ ಹೊರಗೆ ತಂದವು, ಶಿಲುಬೆ ಅಲ್ಲೇ ಉಳಿಯಿತು. ಭೋಜನವನ್ನು ಬರೀ ಔತಣವಾಗಿ, ಮೋಜಿನ ಕೂಟವಾಗಿ ತೋರಿಸಲು ಅಣಕಿಗರಿಗೆ ದಾರಿ ಸಿಕ್ಕಿದ್ದು ಅಲ್ಲಿ ಎಂದು ನಮಗನ್ನಿಸುತ್ತದೆ.

ಕಡೆಯ ಭೋಜನದ ಚಿತ್ರದ ಬಗ್ಗೆ ಜಗಳ ಹೊಸದಲ್ಲ. 1573ರಲ್ಲಿ ವೆನಿಸ್ಸಿನಲ್ಲಿ ಪಾವೊಲೊ ವೆರೊನೇಸೆ ಎಂಬ ಪ್ರಸಿದ್ಧ ಕಲಾವಿದ, ಇನ್ನೊಂದು ದೊಮಿನಿಕನ್ ಮಠದ ಊಟದ ಶಾಲೆಗಾಗಿ ಭಾರೀ ಗಾತ್ರದ ಕಡೆಯ ಭೋಜನ ಬರೆದ. ಅದರಲ್ಲಿ ವಿದೂಷಕರು, ಕುಡಿದ ಸೈನಿಕರು, ಗಿಳಿ, ನಾಯಿ ಎಲ್ಲವೂ ಇದ್ದವು. ಆ ವರ್ಷದ ಜುಲೈ 18ರಂದು ಧರ್ಮವಿಚಾರಣಾ ಮಂಡಲಿ ಅವನನ್ನು ಕರೆಸಿ, ಪ್ರಭುವಿನ ಪವಿತ್ರ ಭೋಜನದಲ್ಲಿ ಇವರಿಗೇನು ಕೆಲಸ ಎಂದು ಕೇಳಿತು. ಮೂರು ತಿಂಗಳಲ್ಲಿ ತಿದ್ದಬೇಕೆಂದು ಅಪ್ಪಣೆಯಾಯಿತು. ವೆರೊನೇಸೆ ಚಿತ್ರದ ಹೆಸರನ್ನು ಬದಲಾಯಿಸಿದ! 'ಲೇವಿಯ ಮನೆಯ ಔತಣ' ಎಂದು ಬರೆದ. ಸುಂಕದವರೂ ಪಾಪಿಗಳೂ ಪ್ರಭುವಿನೊಡನೆ ಊಟಕ್ಕೆ ಕುಳಿತ ಔತಣ ಅದು. ಅಲ್ಲಿ ಇವರೆಲ್ಲ ಇದ್ದರೆ ತಪ್ಪೇನು? ಚಿತ್ರ ಇಂದು ವೆನಿಸ್ಸಿನ ಅಕಾಡೆಮಿಯಾ ವಸ್ತುಸಂಗ್ರಹಾಲಯದಲ್ಲಿದೆ. ಕಲಾವಿದನ ಜಾಣತನವನ್ನು ಮೆಚ್ಚಬಹುದು. ಆದರೆ ಮಂಡಲಿಯ ಪ್ರಶ್ನೆಯೂ ಬಡ್ಡು ಪ್ರಶ್ನೆಯಲ್ಲ. ಲೇವಿಯ ಮನೆಯ ಊಟವೇ ಬೇರೆ, ಪರಮಪ್ರಸಾದ ಸ್ಥಾಪನೆಯಾದ ಊಟವೇ ಬೇರೆ.

ಇಪ್ಪತ್ತನೆಯ ಶತಮಾನದ ಅಣಕಗಳಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಲೂಯಿ ಬುನ್ಯುಯೆಲ್‌ನ 'ವಿರಿದಿಯಾನ' ಎಂಬ ಸ್ಪ್ಯಾನಿಷ್ ಸಿನಿಮಾ. ಕನ್ಯಾಮಠ ಬಿಟ್ಟುಬಂದ ಯುವತಿಯೊಬ್ಬಳು ಭಿಕ್ಷುಕರನ್ನು ಮನೆಗೆ ಕರೆತಂದು ಸಾಕುತ್ತಾಳೆ. ಮನೆಯವರಿಲ್ಲದ ದಿನ ಅವರು ಊಟದ ಕೋಣೆಗೆ ನುಗ್ಗಿ, ಕುಡಿದು, ತಿಂದು, ಒಡೆದು ಹಾಕುತ್ತಾರೆ. ಒಂದು ಕ್ಷಣ ಎಲ್ಲರೂ ಲಿಯನಾರ್ಡೊ ಚಿತ್ರದ ಭಂಗಿಯಲ್ಲಿ ನಿಶ್ಚಲರಾಗುತ್ತಾರೆ. ಪ್ರಭುವಿನ ಜಾಗದಲ್ಲಿ ಒಬ್ಬ ಕುರುಡ. 1961ರಲ್ಲಿ ಕಾನ್ ಚಿತ್ರೋತ್ಸವದ ಪರಮೋಚ್ಚ ಬಹುಮಾನದಲ್ಲಿ ಅದು ಪಾಲು ಪಡೆಯಿತು. ವ್ಯಾಟಿಕನ್ನಿನ ಪತ್ರಿಕೆ ಕಟುವಾಗಿ ಖಂಡಿಸಿತು, ಸ್ಪೇನ್ ದೇಶ 1977ರವರೆಗೆ ನಿಷೇಧಿಸಿತು. ಬುನ್ಯುಯೆಲ್ ನಾಸ್ತಿಕ, ದಾನಧರ್ಮ ವ್ಯರ್ಥ ಎಂದು ತೋರಿಸುವುದು ಅವನ ಉದ್ದೇಶವಾಗಿತ್ತು. ಅದನ್ನು ನಾವು ಒಪ್ಪುವುದಿಲ್ಲ. ಆದರೂ ಲೂಕನ ಶುಭಸಂದೇಶದ 14ನೇ ಅಧ್ಯಾಯವನ್ನು ತೆರೆದು ನೋಡಿ. ಔತಣಕ್ಕೆ ಯಾರನ್ನು ಕರೆಯಬೇಕೆಂದು ಪ್ರಭು ಹೇಳುತ್ತಾರೆ? ಬಡವರು, ಊನರು, ಕುಂಟರು, ಕುರುಡರು. ಅಣಕ ಮಾಡಹೊರಟವನು ತನಗರಿವಿಲ್ಲದೆ ಸರಿಯಾದ ಅತಿಥಿಗಳನ್ನೇ ಕೂರಿಸಿಬಿಟ್ಟಿದ್ದಾನೆ. ಆ ಅತಿಥಿಗಳು ಸಭ್ಯರಾಗಿ ನಡೆದುಕೊಳ್ಳಲಿಲ್ಲ ಎಂಬುದು ನಿಜ. ಮಿಲಾನಿನ ಗೋಡೆಯ ಮೇಲಿನ ಹನ್ನೆರಡು ಮಂದಿಯಾದರೂ ಆ ರಾತ್ರಿ ಹೇಗೆ ನಡೆದುಕೊಂಡರು? ಒಬ್ಬ ಮಾರಿದ, ಒಬ್ಬ ಮೂರು ಸಲ ಅಲ್ಲಗಳೆದ, ಉಳಿದವರು ಓಡಿಹೋದರು.

ಜಾಹೀರಾತಿನವರ ಅಣಕ ಇದಕ್ಕಿಂತ ತೆಳು, ಆದರೆ ಹೆಚ್ಚು ನೋವು ಕೊಡುವಂಥದ್ದು. 1998ರಲ್ಲಿ ಫ್ರಾನ್ಸಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಹೊಸ ಕಾರಿನ ಜನನವನ್ನು ಸಾರಲು ಕಡೆಯ ಭೋಜನದ ಭಂಗಿಯನ್ನು ಬಳಸಿತು. ಅಲ್ಲಿನ ಧರ್ಮಾಧ್ಯಕ್ಷರ ಕಡೆಯ ಸಂಘ ನ್ಯಾಯಾಲಯಕ್ಕೆ ಹೋದಾಗ ಕಂಪನಿ ಭಿತ್ತಿಪತ್ರಗಳನ್ನು ಹಿಂದಕ್ಕೆ ತೆಗೆದುಕೊಂಡಿತು. 2005ರಲ್ಲಿ ಜಿರ್‌ಬೋ ಎಂಬ ಬಟ್ಟೆ ಕಂಪನಿ ಪ್ರಭುವಿನ ಮತ್ತು ಪ್ರೇಷಿತರ ಜಾಗದಲ್ಲಿ ರೂಪದರ್ಶಿ ಯುವತಿಯರನ್ನು ನಿಲ್ಲಿಸಿತು. ಮಿಲಾನ್ ನಗರ ಅದನ್ನು ತಡೆಯಿತು. ಅದೇ ವರ್ಷದ ಮಾರ್ಚಿನಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಏಪ್ರಿಲಿನಲ್ಲಿ ಮೇಲ್ಮನವಿಯಲ್ಲೂ ಅದು ನಿಂತಿತು. ಆದರೆ 2006ರ ನವೆಂಬರಿನಲ್ಲಿ ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು. ಚಿತ್ರದ ರೂಪವನ್ನು ಅಣಕಿಸುವುದು ಕಥೋಲಿಕರನ್ನು ಅವರ ಧರ್ಮಕ್ಕಾಗಿ ನೇರವಾಗಿ ಅವಮಾನಿಸಿದಂತಲ್ಲ ಎಂಬುದು ಅದರ ನಿಲುವು. ಕಾನೂನಿನ ಮಟ್ಟಿಗೆ ಅದು ಸರಿಯಿರಬಹುದು. ಆದರೂ ತನ್ನನ್ನೇ ಉಚಿತವಾಗಿ ಕೊಟ್ಟವರ ಜಾಗದಲ್ಲಿ ಬೆಲೆಚೀಟಿಯ ಸರಕನ್ನು ಇಡುವುದಿದೆಯಲ್ಲ, ಅದಕ್ಕೆ ಮೂವತ್ತು ಬೆಳ್ಳಿನಾಣ್ಯದ ವಾಸನೆ ಇದ್ದೇ ಇದೆ.

ಬೆಲೆಚೀಟಿಯ ಮಾತು ಬಂದಾಗ ಆಂಡಿ ವಾರ್ಹೋಲ್‌ನನ್ನು ಬಿಡಲಾಗದು. ಅಮೆರಿಕದ ಈ ಕಲಾವಿದ 1986ರಲ್ಲಿ ಲಿಯನಾರ್ಡೊ ಚಿತ್ರದ ಅಗ್ಗದ ಪ್ರತಿಗಳನ್ನು ಇಟ್ಟುಕೊಂಡು ನೂರರಷ್ಟು ಕೃತಿಗಳನ್ನು ಮಾಡಿದ. ಒಂದರಲ್ಲಿ ಚಿತ್ರದ ಮೇಲೆ ಡವ್ ಸಾಬೂನಿನ ಗುರುತು ಮತ್ತು 59 ಸೆಂಟಿನ ಬೆಲೆಚೀಟಿ ಇವೆ. ಇನ್ನೊಂದರಲ್ಲಿ ಇಡೀ ಭೋಜನ ಅರವತ್ತು ಸಲ ಅಚ್ಚಾಗಿದೆ. ಮೊದಲ ನೋಟಕ್ಕೆ ಇದೂ ಅಪಹಾಸ್ಯವೇ. ಆದರೆ ವಾರ್ಹೋಲ್ ಪೌರ್ವಾತ್ಯ ವಿಧಿಯ ಕಥೋಲಿಕ ಮನೆಯ ಮಗ. ಅವನ ಬಾಲ್ಯದ ಮನೆಯ ಅಡುಗೆಕೋಣೆಯಲ್ಲಿ ಇದೇ ಚಿತ್ರ ತೂಗಿತ್ತು. ನ್ಯೂಯಾರ್ಕಿನ ಗದ್ದಲದ ಬದುಕಿನ ನಡುವೆಯೂ ಅವನು ದೇವಾಲಯಕ್ಕೆ ಹೋಗುತ್ತಿದ್ದ, ಹಬ್ಬದ ದಿನಗಳಲ್ಲಿ ನಿರ್ಗತಿಕರಿಗೆ ಊಟ ಬಡಿಸಲು ನಿಲ್ಲುತ್ತಿದ್ದ. ಡವ್ ಎಂದರೆ ಪಾರಿವಾಳ. ಪವಿತ್ರಾತ್ಮರ ಚಿಹ್ನೆ ಪ್ರಭುವಿನ ಮೇಲೆ ಇಳಿದಂತಿದೆ ಎಂದು ಓದಿದವರೂ ಇದ್ದಾರೆ. ನಾವು ಅಷ್ಟು ದೂರ ಹೋಗೆವು. 1987ರ ಜನವರಿಯಲ್ಲಿ ಆ ಕೃತಿಗಳ ಪ್ರದರ್ಶನ ಮಿಲಾನಿನಲ್ಲಿ, ಮೂಲಚಿತ್ರವಿರುವ ಮಠದ ಎದುರು ರಸ್ತೆಯಲ್ಲೇ ನಡೆಯಿತು. ಫೆಬ್ರವರಿ 22ರಂದು ಅವನು ತೀರಿಕೊಂಡ. ಒಂದು ಅಣಕದಂತೆ ಕಂಡದ್ದು ಒಬ್ಬ ಮನುಷ್ಯನ ಕಡೆಯ ಕೆಲಸವಾಗಿತ್ತು ಎಂದು ತಿಳಿದಾಗ ತೀರ್ಪು ಕೊಡುವ ನಾಲಿಗೆ ಸ್ವಲ್ಪ ತಡೆಯುತ್ತದೆ.

2024ರ ಜುಲೈ 26ರ ರಾತ್ರಿ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಕಂಡ ದೃಶ್ಯವನ್ನು ನಮ್ಮಲ್ಲೂ ಅನೇಕರು ಟಿವಿಯಲ್ಲಿ ನೋಡಿದರು. ಉದ್ದನೆಯ ವೇದಿಕೆಯ ಹಿಂದೆ ವೇಷಧಾರಿ ಕಲಾವಿದರ ಸಾಲು, ನಡುವೆ ಪ್ರಭಾವಳಿಯಂಥ ಕಿರೀಟ ತೊಟ್ಟ ಮಹಿಳೆ. ಮಾರನೆಯ ದಿನವೇ ಫ್ರಾನ್ಸಿನ ಧರ್ಮಾಧ್ಯಕ್ಷರು ಕ್ರೈಸ್ತಧರ್ಮದ ಅಪಹಾಸ್ಯವೆಂದು ದುಃಖ ವ್ಯಕ್ತಪಡಿಸಿದರು; ಆದರೆ ಉಳಿದ ಕಾರ್ಯಕ್ರಮದ ಸೊಬಗನ್ನು ಹೊಗಳಲು ಮರೆಯಲಿಲ್ಲ. ನಿರ್ದೇಶಕ ತೊಮಾ ಜೊಲಿ ತನಗೆ ಪ್ರೇರಣೆ ಕಡೆಯ ಭೋಜನವಲ್ಲ, ಗ್ರೀಕ್ ದೇವತೆಗಳ ಔತಣ ಎಂದ. ಸಂಘಟಕರು ನೊಂದವರ ಕ್ಷಮೆ ಕೇಳಿದರು. ಆಗಸ್ಟ್ 3ರಂದು ವ್ಯಾಟಿಕನ್ ಕೂಡ ತನ್ನ ನೋವನ್ನು ತಿಳಿಸಿತು. ನಿರ್ದೇಶಕನ ಮನಸ್ಸಿನಲ್ಲಿ ಏನಿತ್ತೋ ಅವನಿಗೇ ಗೊತ್ತು. ಆದರೆ ಲೋಕದ ಕೋಟ್ಯಂತರ ಕಣ್ಣುಗಳಿಗೆ ಅದು ಲಿಯನಾರ್ಡೊನ ಮೇಜಾಗಿಯೇ ಕಂಡಿತು. ನೆರೆಯ ಕೇರಳದಲ್ಲೂ 2016ರ ಡಿಸೆಂಬರಿನಲ್ಲಿ 'ಭಾಷಾಪೋಷಿಣಿ' ಮಾಸಪತ್ರಿಕೆ ಕನ್ಯಾಸ್ತ್ರೀಯರ ನಡುವೆ ಅರೆನಗ್ನ ಹೆಣ್ಣನ್ನು ಈ ಭಂಗಿಯಲ್ಲಿ ಕೂರಿಸಿದ ಚಿತ್ರ ಅಚ್ಚುಮಾಡಿ, ವಿರೋಧ ಬಂದಾಗ ಕ್ಷಮೆ ಕೇಳಿತು.

ಹಾಗಾದರೆ ನಕ್ಕರೆ ಪಾಪವೇ? ಉದ್ದದ ಮೇಜನ್ನು ಕಂಡು ಬಂದ ನಗು ಪಾಪವಲ್ಲ. ಪ್ರಭುವನ್ನೋ ಪರಮಪ್ರಸಾದವನ್ನೋ ಹೀನಾಯ ಮಾಡುವುದನ್ನು ತಿಳಿದೂ ಆನಂದಿಸುವುದು ಬೇರೆ ಮಾತು. ಅಂಥದ್ದು ಬಂದಾಗ ನೊಂದೆವೆಂದು ಹೇಳುವ ಹಕ್ಕು ನಮಗಿದೆ. ಫ್ರಾನ್ಸಿನ ಧರ್ಮಾಧ್ಯಕ್ಷರಂತೆ ಸ್ಪಷ್ಟವಾಗಿ, ಸಭ್ಯವಾಗಿ ಹೇಳಬೇಕು. ಬೈಗುಳದಿಂದ ಹೇಳಿದರೆ ಪೇತ್ರನ ಕೈಯ ಚೂರಿ ನಮ್ಮ ಕೈಗೆ ಬಂದಂತೆ. ಇನ್ನು ಕೆಟ್ಟ ಚಿತ್ರವನ್ನು ಖಂಡಿಸಲೆಂದು ಹತ್ತು ಜನರಿಗೆ ಕಳಿಸುವುದು ಬೇಡವೇ ಬೇಡ. ನೋಡದಿದ್ದ ಹತ್ತು ಮಂದಿಗೆ ನಾವೇ ತೋರಿಸಿದಂತಾಗುತ್ತದೆ. ಅದರ ಬದಲು ಮಗುವನ್ನು ಕರೆದು ಮನೆಯ ಗೋಡೆಯ ಚಿತ್ರದ ಮುಂದೆ ನಿಲ್ಲಿಸಿ, ಯೂದ ಯಾರು, ಚೂರಿ ಯಾರ ಕೈಯಲ್ಲಿದೆ, ಪ್ರಭುವಿನ ಎರಡು ಕೈಗಳು ಎಲ್ಲಿವೆ ಎಂದು ಕೇಳಬಹುದು. ಅಣಕವನ್ನೇ ಮೊದಲು ಕಂಡು ಮೂಲವನ್ನು ಎಂದೂ ಕಾಣದೆ ಬೆಳೆಯುವ ಮಕ್ಕಳು ನಮ್ಮ ಮನೆಗಳಲ್ಲೇ ಇದ್ದಾರೆ. ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಬೇಕಾದದ್ದು ಅದು.

ಆ ರಾತ್ರಿಯ ಭೋಜನವನ್ನು ಅನುಕರಿಸಬೇಡಿ ಎಂದು ಪ್ರಭು ಹೇಳಲಿಲ್ಲ. ಅನುಕರಿಸಿ ಎಂದೇ ಅಪ್ಪಣೆ ಮಾಡಿದರು. ರೊಟ್ಟಿಯನ್ನು ಕೊಟ್ಟು ತಮ್ಮ ನೆನಪಿಗಾಗಿ ಇದನ್ನು ಮಾಡಿರೆಂದರು. ಪಾದ ತೊಳೆದು ತಾವು ಮಾಡಿದಂತೆ ನೀವೂ ಮಾಡಿರೆಂದರು. ಅಣಕಿಗರು ಮೇಜನ್ನು ಕದ್ದಿದ್ದಾರೆ, ಭಂಗಿಗಳನ್ನು ಕದ್ದಿದ್ದಾರೆ. ಬೋಗುಣಿ ಮತ್ತು ಅಂಗವಸ್ತ್ರದ ಕಡೆ ಮಾತ್ರ ಅವರ ಕೈ ಅಷ್ಟಾಗಿ ಹೋಗಿಲ್ಲ. ಯೊವಾನ್ನರ ಪ್ರಕಾರ ಪ್ರಭು ಪ್ರೇಷಿತರ ಪಾದ ತೊಳೆದು, ಮತ್ತೆ ತಮ್ಮ ಸ್ಥಳದಲ್ಲಿ ಕುಳಿತ ಮೇಲೆಯೇ ದ್ರೋಹದ ಮಾತನ್ನು ಆಡಿದ್ದು. ಎಂದರೆ ಲಿಯನಾರ್ಡೊನ ಮೇಜಿನ ಕೆಳಗೆ ಕಾಣುವ ಪಾದಗಳೆಲ್ಲ ಆಗತಾನೇ ತೊಳೆದವು, ಯೂದನ ಪಾದಗಳೂ ಸೇರಿ. 1652ರ ಬಾಗಿಲಿಗೆ ಹೋದ ಪ್ರಭುವಿನ ಪಾದಗಳನ್ನು ನೋಡಬೇಕೆಂದರೆ ಲಿಯನಾರ್ಡೊನ ಶಿಷ್ಯ ಜಂಪಿಯೆತ್ರಿನೊ 1520ರ ಸುಮಾರಿಗೆ ಬರೆದ ಪ್ರತಿಯನ್ನು ನೋಡಬೇಕು. ಅದು ಲಂಡನ್ನಿನ ರಾಯಲ್ ಅಕಾಡೆಮಿಯ ಸೊತ್ತು.

ನಮ್ಮ ಧರ್ಮಕೇಂದ್ರಗಳಲ್ಲಿ ಪವಿತ್ರ ಗುರುವಾರ ಸಂಜೆ ಪೀಠದ ಮುಂದೆ ಹನ್ನೆರಡು ಕುರ್ಚಿಗಳನ್ನು ಹಾಕುವುದು ರೂಢಿ. ಹನ್ನೆರಡೇ ಇರಬೇಕೆಂದು ಪೂಜಾವಿಧಿ ಹೇಳುವುದಿಲ್ಲ. ಪುರುಷರೇ ಆಗಬೇಕೆಂಬ ನಿಯಮವನ್ನೂ 2016ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್‌ರವರು ತೆಗೆದರು. ಹೆಂಗಸರು, ಯುವಜನರು, ಮುದುಕರು, ರೋಗಿಗಳು ಯಾರನ್ನು ಬೇಕಾದರೂ ಕೂರಿಸಬಹುದು. ಈ ವರ್ಷದ ಪಟ್ಟಿಗೆ ಇನ್ನೂ ಹೆಸರು ತುಂಬದ ಕೇಂದ್ರಗಳಿದ್ದರೆ, ದೇವಾಲಯದ ಹಿಂದಿನ ಬೆಂಚಿನಲ್ಲೋ ಹೊರಗಿನ ಮೆಟ್ಟಿಲಿನಲ್ಲೋ ಕೂರುವವರನ್ನೂ ಒಮ್ಮೆ ಕೇಳಿ ನೋಡಿ.